ಮಕ್ಕಳಾಟವಲ್ಲ, ಇದು ಝುಲ್ಮ್
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಅಲ್ಲಾಹನ ಶಾಂತಿ ಮತ್ತು ಕರುಣೆ ಇರಲಿ.



ಕಡೂರು, ತರೀಕೆರೆ, ಅಜ್ಜಂಪುರದ ಬಸ್ ನಿಲ್ದಾಣಗಳಲ್ಲಿ ಬೆಳಗ್ಗೆ ಶಾಲಾ ಮಕ್ಕಳ ಗುಂಪನ್ನು ಗಮನಿಸಿ. ಒಂದು ಮಗು ದೂರ ನಿಂತಿರಬಹುದು. ಅದರ ಮೈಬಣ್ಣಕ್ಕೋ, ತೊದಲಿಗೋ, ಉರ್ದು ಬೆರೆತ ಕನ್ನಡಕ್ಕೋ, ತಂದೆಯ ಗುಜರಿ ವ್ಯಾಪಾರಕ್ಕೋ ಉಳಿದವರು ಒಂದು ಅಡ್ಡಹೆಸರು ಅಂಟಿಸಿರುತ್ತಾರೆ. ನಾವು 'ಮಕ್ಕಳಾಟ' ಎಂದು ಮುಂದೆ ಸಾಗುತ್ತೇವೆ. ಆದರೆ ಸಮಬಲರ ಜಗಳ ಸಂಜೆಗೆ ಮರೆತುಹೋಗುತ್ತದೆ. ಬಲವುಳ್ಳವರು ಬಲವಿಲ್ಲದವರನ್ನು ಬೇಕೆಂದೇ ಮತ್ತೆ ಮತ್ತೆ ನೋಯಿಸಿದರೆ ಅದು ಝುಲ್ಮ್. ಇಂದು ಅದು ಮೊಬೈಲ್‌ನ ವಾಟ್ಸಾಪ್ ಗ್ರೂಪ್ ಮೂಲಕ ಮನೆಯೊಳಗೂ ಬರುತ್ತದೆ.

ಸೂರಃ ಅಲ್ ಹುಜುರಾತ್‌ನ 11ನೇ ಸೂಕ್ತವು ಪುರುಷರಿಗೂ ಸ್ತ್ರೀಯರಿಗೂ ಪ್ರತ್ಯೇಕವಾಗಿ ಹೇಳಿ ಪರಿಹಾಸ್ಯವನ್ನು, ಕೆಟ್ಟ ಅಡ್ಡಹೆಸರುಗಳನ್ನು ನಿಷೇಧಿಸಿದೆ. ಅಬ್ದುಲ್ಲಾ ಇಬ್ನು ಮಸ್‌ಊದ್(ರ)ರ ಸಣಕಲು ಕಾಲುಗಳನ್ನು ಕಂಡು ಕೆಲವರು ನಕ್ಕಾಗ, ಪರಲೋಕದ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಪರ್ವತಕ್ಕಿಂತ ಭಾರವಾಗಿರುವುವು ಎಂದು ಪ್ರವಾದಿ(ಸ) ಹೇಳಿದರು. ನಕ್ಕವರನ್ನು ತಿದ್ದಿದರು, ನೊಂದವರ ಗೌರವವನ್ನು ಎಲ್ಲರೆದುರೇ ಎತ್ತಿಹಿಡಿದರು.

ಪ್ರವಾದಿ ಯೂಸುಫ್(ಅ)ರ ವೃತ್ತಾಂತವನ್ನು ನೆನಪಿಸಿಕೊಳ್ಳಿ. ಅಣ್ಣಂದಿರು ಗುಂಪು ಕಟ್ಟಿದರು. ಅವರಲ್ಲೊಬ್ಬ, ಕೊಲ್ಲುವುದು ಬೇಡ, ಬಾವಿಗೆ ಹಾಕೋಣ ಎಂದ. ಅವನು ಕ್ರೌರ್ಯವನ್ನು ಕಡಿಮೆ ಮಾಡಿದ, ತಡೆಯಲಿಲ್ಲ. ನಗುತ್ತಾ ನೋಡುವ, ವಿಡಿಯೋ ಹಂಚುವ ಮಕ್ಕಳಿಗೆ ಈ ಪಾಠ ಹೇಳಿಕೊಡಬೇಕು. ಆ ಅಣ್ಣಂದಿರನ್ನು ಯೂಸುಫ್(ಅ) ಕ್ಷಮಿಸಿದ್ದು ನಿಜ. ಆದರೆ ಅದು ಅವರು ತಪ್ಪನ್ನು ಒಪ್ಪಿಕೊಂಡ ಮೇಲೆ. ಆದ್ದರಿಂದ ನೊಂದ ಮಗುವನ್ನು ಎಳೆದು ತಂದು, 'ಕೈ ಕುಲುಕು, ಮುಗೀತು' ಎನ್ನುವುದು ನ್ಯಾಯವಲ್ಲ.

ಹೆತ್ತವರೇ, ಶಾಲೆಯ ದಿನವೇ ಹೊಟ್ಟೆನೋವು, ಹರಿದ ಪುಸ್ತಕ, ಊಟ ಬೇಡವೆನ್ನುವುದು, ನಿದ್ದೆಯಲ್ಲಿ ಬೆಚ್ಚುವುದು, ಇವುಗಳನ್ನು ಕಡೆಗಣಿಸಬೇಡಿ. ಮಗು ಬಾಯಿಬಿಟ್ಟಾಗ 'ನೀನೇನು ಮಾಡಿದೆ?' ಎಂದು ಕೇಳಬೇಡಿ. 'ನೀನೂ ಎರಡು ಬಾರಿಸಿ ಬಾ' ಎನ್ನಬೇಡಿ. 'ಹೇಳಿದ್ದು ಒಳ್ಳೆಯದಾಯಿತು ಬೇಟಾ, ನಾವಿದ್ದೇವೆ' ಎನ್ನಿರಿ. ಎಲ್ಲಿ, ಯಾವಾಗ, ಯಾರು ಎಂದು ಬರೆದಿಡಿ. ತರಗತಿ ಶಿಕ್ಷಕರನ್ನು, ಬಳಿಕ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಸರಕಾರಿ ಶಾಲೆಯಾದರೆ ಎಸ್‌ಡಿಎಂಸಿಗೆ ಲಿಖಿತ ದೂರು ಕೊಡಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಉಚಿತವಾಗಿ ಕರೆ ಮಾಡಬಹುದು. ಮಗು ತೀರಾ ಕುಗ್ಗಿದ್ದರೆ ಟೆಲಿಮಾನಸ್ 14416 ಇದೆ. ಅವಮಾನಕ್ಕೆ ಹೆದರಿ ಮಗಳ ಶಾಲೆ ಬಿಡಿಸಿದರೆ ಶಿಕ್ಷೆಯಾಗುವುದು ನೊಂದವಳಿಗೇ.

ಪೀಡಿಸುವವನು ನಮ್ಮ ಮಗನೇ ಆಗಿದ್ದರೆ? ದಬ್ಬಾಳಿಕೆ ಮಾಡುವ ಸಹೋದರನಿಗೂ ನೆರವಾಗಿರಿ, ಅವನ ಕೈ ತಡೆಯುವುದೇ ಆ ನೆರವು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ನಮಾಝ್, ಉಪವಾಸಗಳೊಂದಿಗೆ ಬಂದರೂ ಇತರರನ್ನು ಬೈದು, ಹೊಡೆದು ಪುಣ್ಯವನ್ನೆಲ್ಲ ಕಳೆದುಕೊಳ್ಳುವವನೇ ನಿಜವಾದ ದಿವಾಳಿ ಎಂದೂ ಎಚ್ಚರಿಸಿದ್ದಾರೆ. ಆದ್ದರಿಂದ 'ನನ್ನ ಮಗ ಹಾಗಲ್ಲ' ಎಂದು ಶಿಕ್ಷಕರ ಮೇಲೆ ಹರಿಹಾಯಬೇಡಿ, ಮಗನನ್ನು ಬೆಲ್ಟಿನಿಂದ ಹೊಡೆಯಲೂಬೇಡಿ. ಹೊಡೆತದಿಂದ ಅವನು ಕಲಿಯುವುದು ಬಲವಿದ್ದವನು ಹೊಡೆಯಬಹುದು ಎಂಬುದನ್ನೇ. ಕರೆದುಕೊಂಡು ಹೋಗಿ ತಪ್ಪು ಒಪ್ಪಿಸಿರಿ, ಹರಿದ ಪುಸ್ತಕಕ್ಕೆ ಬದಲಿ ಕೊಡಿಸಿರಿ. ನೊಂದ ಮಗು ಯಾವ ಧರ್ಮದ್ದಾದರೂ, ಯಾವ ಜಾತಿಯದಾದರೂ ಇದೇ ನ್ಯಾಯ. ಮರ್ದಿತನ ಮೊರೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲ. ನಮ್ಮ ಮದ್ರಸಗಳಲ್ಲಿಯೂ ಉಸ್ತಾದರು ಈ ಕಣ್ಣು ತೆರೆದಿಡಲಿ.

ಅಲ್ಲಾಹನು ನಮ್ಮ ಮಕ್ಕಳನ್ನು ಝುಲ್ಮ್ ಮಾಡುವುದರಿಂದಲೂ ಅದಕ್ಕೆ ಗುರಿಯಾಗುವುದರಿಂದಲೂ ಕಾಪಾಡಲಿ. ಆಮೀನ್.