ಕಳೆಯ ಕಾಲದಲ್ಲಿ ಹಸುಗೂಸಿನ ತಾಯಿ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕೃಷಿ ಡಿಪ್ಲೊಮಾ ಓದಿದವನಿಗೆ ಬಾಣಂತಿಯ ಮಾತೇಕೆ ಎಂದು ನಗಬೇಡಿ. ರಾಗಿ ಹೊಲದಲ್ಲಿ ಕಳೆ ಎದ್ದಿತೆಂದರೆ ಮೂರು ತಿಂಗಳ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ತಾಯಿ ಬೆಳಗಿನಿಂದ ಬೈಗಿನವರೆಗೆ ಬಗ್ಗಿರುತ್ತಾಳೆ. ಇತ್ತ ಕೂಸಿನ ಬಾಯಿಗೆ ಸಕ್ಕರೆ ನೀರು. ಕರೆಯದೆ ಬಿಟ್ಟ ಹಸುವಿನ ಹಾಲು ಬತ್ತುವುದನ್ನು ನೀವು ಬಲ್ಲಿರಿ. ತಾಯಿಯದೂ ಹಾಗೆಯೇ, ಕೂಸು ಕುಡಿದಷ್ಟೂ ಹಾಲು ಬರುತ್ತದೆ. ಆರು ತಿಂಗಳು ತುಂಬುವವರೆಗೆ ಕೂಸಿಗೆ ಎದೆಹಾಲೊಂದೇ ಸಾಕು, ಬೇಸಿಗೆಯಲ್ಲಿಯೂ ನೀರು ಬೇಡ.

ಹಾಗಾದರೆ ಕಳೆ ತೆಗೆಯುವವರಾರು? ಇಲ್ಲಿ ನನ್ನ ಓದು ಉಪಯೋಗಕ್ಕೆ ಬರುತ್ತದೆ. ರಾಗಿಯನ್ನು ಕೈಯಿಂದ ಎರಚದೆ ಕೂರಿಗೆಯಿಂದ 30 ಸೆಂಟಿಮೀಟರಿಗೊಂದು ಸಾಲಿನಂತೆ ಬಿತ್ತಿರಿ. ಸಾಲುಗಳ ನಡುವಣ ಕಳೆಯನ್ನು ಎಡೆಕುಂಟೆ ತೆಗೆಯುತ್ತದೆ. ಸಾಲಿನೊಳಗಿನದು ಮಾತ್ರ ಕೈಗೆಲಸ. ಅದಕ್ಕೆ ನೀವೂ ಬಗ್ಗಿರಿ, ಗಂಡಸಿನ ಸೊಂಟವೇನೂ ಮುರಿಯದು! ಆಕೆ ಬರಲೇಬೇಕಾದರೆ ಮನೆಗೆ ಹತ್ತಿರದ ಹೊಲಕ್ಕೆ ಬರಲಿ, ಕೂಸು ಹಸಿದಾಗ ಎದ್ದು ಹೋಗಿ ಹಾಲೂಡಿಸಲಿ. ಔಷಧಿ ಸಿಂಪಡಿಸುವ ಕೆಲಸಕ್ಕಂತೂ ಆಕೆಯನ್ನು ಕರೆಯಲೇಬೇಡಿ.

2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಂತೆ ಗರ್ಭಿಣಿಗೂ, ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಟು. ಕಳೆಯ ದಿನಗಳಲ್ಲಿಯೇ ಅದು ಸುಲಭವಾಗಿ ತಪ್ಪಿಹೋಗುತ್ತದೆ. ಆ ಹೊತ್ತಿಗೆ ಆಕೆಯನ್ನು ಹೊಲದಿಂದ ಕಳುಹಿಸಿಕೊಡಿ.