ಗ್ರಹಣದ ದಿನ ನೀರು ಕುಡಿಯಬಹುದಾ?

2025ರ ಸೆಪ್ಟೆಂಬರ್ 7, ಚಂದ್ರಗ್ರಹಣದ ದಿನ. ನಾನು ಹೊಳಲ್ಕೆರೆಯಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಕ್ಕ ಏಳು ತಿಂಗಳ ಬಸುರಿ. ಅವಳ ಅತ್ತೆ ಮಧ್ಯಾಹ್ನದಿಂದಲೇ ಊಟ, ನೀರು ಎರಡೂ ಬಂದ್ ಮಾಡಿಸಿದ್ದರು. ಗ್ರಹಣ ಹಿಡಿಯೋದು ರಾತ್ರಿ 9.57ಕ್ಕೆ! "ಕೆಟ್ಟ ರೇಡಿಯೇಶನ್ ಬರುತ್ತಂತೆ ಕಣಪ್ಪ, ಮೊಬೈಲಲ್ಲೇ ಹೇಳಿದ್ರು" ಅಂದರು.

ನಾನು ಬಿ.ಕಾಂ. ಓದಿದವನು, ಲೆಕ್ಕದ ಭಾಷೆಯಲ್ಲೇ ಹೇಳಿದೆ. ಚಂದ್ರನಿಗೆ ಸ್ವಂತ ಬೆಳಕಿಲ್ಲ, ಎಲ್ಲಾ ಸೂರ್ಯನಿಂದ ತಂದ ಕೈಸಾಲ. ಗ್ರಹಣದಲ್ಲಿ ಭೂಮಿಯ ನೆರಳು ಬಿದ್ದು ಆ ಸಾಲವೂ ನಿಲ್ಲುತ್ತೆ. ಇರೋ ಬೆಳಕೇ ಕಡಿಮೆ ಆಗೋವಾಗ ಹೊಸ ಕಿರಣ ಎಲ್ಲಿಂದ ಬರಬೇಕು? ಚಂದ್ರ ಕೆಂಪಾಗೋದು ನಮ್ಮ ಗಾಳಿಯಿಂದ. ಸಂಜೆ ಸೂರ್ಯನನ್ನು ಕೆಂಪು ಮಾಡೋ ಅದೇ ವಾತಾವರಣ ಒಂದಿಷ್ಟು ಕೆಂಪು ಬೆಳಕನ್ನು ಬಾಗಿಸಿ ಅಲ್ಲಿಗೆ ಕಳಿಸುತ್ತೆ. ಬರಿಗಣ್ಣಲ್ಲೇ ನೋಡಬಹುದು.

ಸೂರ್ಯಗ್ರಹಣದ ಮಾತು ಬೇರೆ. ಅಲ್ಲೂ ಹೊಸ ಕಿರಣ ಏನಿಲ್ಲ, ಆದರೆ ನೇರ ನೋಡಿದ್ರೆ ರೆಟಿನಾ ಸುಡುತ್ತೆ, ನೋವೂ ಗೊತ್ತಾಗಲ್ಲ. ಎಕ್ಸ್-ರೇ ಫಿಲ್ಮ್, ಕೂಲಿಂಗ್ ಗ್ಲಾಸ್ ನಂಬಬೇಡಿ. ರಟ್ಟಿಗೆ ಸಣ್ಣ ತೂತು ಮಾಡಿ, ನೆಲದ ಮೇಲೆ ಬೀಳೋ ಬಿಂಬ ನೋಡಿ.

ಅತ್ತೆ ಒಪ್ಪಲಿಲ್ಲ. ಆದರೆ ಎಂಟು ಗಂಟೆಗೆ ಅಕ್ಕನಿಗೆ ತಲೆ ಸುತ್ತಿದಾಗ, ತುಳಸಿ ಎಲೆ ಹಾಕಿ ಚೊಂಬು ತುಂಬ ನೀರು ತಂದುಕೊಟ್ಟೋರು ಅವರೇ.