ಕಾಗದ, ಗೋರಿ, ವಾಡೆ: ನಮ್ಮ ಸೀಮೆಯ ಮೂರು ಸಾಕ್ಷಿಗಳು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಮುಖ್ಯಾಧ್ಯಾಪಕರು ನಮ್ಮ ಸೀಮೆಯ ಇತಿಹಾಸದ ಬಗ್ಗೆ ನಾಲ್ಕು ಮಾತು ಹೇಳಿರಿ ಎಂದರು. ಕಿತ್ತೂರ ಸೀಮೆಯಲ್ಲಿ ಹುಟ್ಟಿದವರಿಗೆ ಚೆನ್ನಮ್ಮನ ಕತೆಯನ್ನು ನಾನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಆ ಕತೆ ಇನ್ನೂರು ವರ್ಷ ದಾಟಿ ನಮ್ಮವರೆಗೆ ಹೇಗೆ ಬಂತು, ಅದನ್ನು ಯಾರು ಕಾಯ್ದಿಟ್ಟರು, ನಮ್ಮ ಊರಿನ ಕತೆಯೂ ಹಾಗೆ ಉಳಿಯಬೇಕಾದರೆ ಏನು ಮಾಡಬೇಕು ಎಂಬುದನ್ನು ಯೋಚಿಸುವ ಅಗತ್ಯವಿದೆ. ನಾನು ಮೂವತ್ತು ವರ್ಷ ಇತಿಹಾಸ ಕಲಿಸಿದವನು. ರಜೆಯ ದಿನಗಳಲ್ಲಿ ದಫ್ತರ, ಗೋರಿ, ಹಳೆಯ ವಾಡೆ ಅಂತ ತಿರುಗಿದವನು. ಈ ಮೂರೂ ಸಾಕ್ಷಿ ಹೇಳುತ್ತವೆ. ಆದರೆ ಯಾವ ಒಂದು ಸಾಕ್ಷಿಯೂ ಪೂರ್ತಿ ಮಾತು ಹೇಳುವುದಿಲ್ಲ. ಇದೇ ನಾನು ಇಂದು ಹೇಳಬೇಕೆಂದಿರುವ ಮುಖ್ಯ ಸಂಗತಿ.

ಮೊದಲು ಕಾಗದದ ಸಾಕ್ಷಿ. 1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದು ನಮ್ಮ ಭಾಗ ಕಂಪನಿ ಸರಕಾರದ ಕೈಗೆ ಹೋಯಿತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಕಾಳಗವಾಯಿತು, ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ತಾರೀಖು, ಹೆಸರು, ತೋಪುಗಳ ಲೆಕ್ಕ ಇವೆಲ್ಲ ನಮಗೆ ಸಿಗುವುದು ಸರಕಾರಿ ಪತ್ರಗಳಿಂದ. 1884ರಲ್ಲಿ ಅಚ್ಚಾದ ಬೆಳಗಾವಿ ಜಿಲ್ಲೆಯ ಗೆಜೆಟಿಯರ್‌ನಲ್ಲಿಯೂ ಈ ಸಂಗತಿ ಇದೆ. ಆದರೆ ಆ ಪತ್ರಗಳನ್ನು ಬರೆದವರು ಯಾರು? ಗೆದ್ದವರು. ಅವರ ಕಾಗದದಲ್ಲಿ ಇದು ದಂಗೆ. ನಮ್ಮ ಜನರ ಬಾಯಲ್ಲಿ ಇದು ಸ್ವಾತಂತ್ರ್ಯದ ಹೋರಾಟ. ವಿದ್ಯಾರ್ಥಿಗಳೇ, ಯಾವ ಕಾಗದ ಕೈಗೆ ಬಂದರೂ ಮೊದಲು ಕೆಳಗಿನ ಸಹಿ ನೋಡಿರಿ, ಆಮೇಲೆ ಮೇಲಿನ ಒಕ್ಕಣೆ ಓದಿರಿ.

ಕಾಗದಕ್ಕೆ ಎಂಥ ಶಕ್ತಿ ಇತ್ತು ಎಂಬುದು ಸಂಗೊಳ್ಳಿ ರಾಯಣ್ಣನಿಗೆ ಗೊತ್ತಿತ್ತು. ಆತ ಶೇತಸನದಿ, ಅಂದರೆ ಸೇವೆಗಾಗಿ ಭೂಮಿ ಪಡೆದ ಮನೆತನದವನು. ಹೊಸ ಸರಕಾರ ಆ ಭೂಮಿಯ ಮೇಲೆ ಕೈ ಹಾಕಿತು. ರಾಯಣ್ಣನ ದಂಡು ಖಜಾನೆಗಳ ಜೊತೆಗೆ ಸರಕಾರಿ ಕಚೇರಿಗಳನ್ನೂ ಸುಟ್ಟಿತು. ಕಚೇರಿಯಲ್ಲಿ ಏನಿತ್ತು? ಭೂಮಿಯ ಲೆಕ್ಕವಿತ್ತು. ಇಂದು ಉತಾರಕ್ಕಾಗಿ ತಹಶೀಲ್ದಾರ ಕಚೇರಿಯ ಮುಂದೆ ಸರದಿ ನಿಲ್ಲುವ ನಮಗೆ ಆ ಬೆಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗೋರಿಗಳ ಸಾಕ್ಷಿ. ಈ ಒಂದು ಕತೆಗೆ ಮೂರು ಊರುಗಳಲ್ಲಿ ಮೂರು ನೆನಪಿನ ಜಾಗಗಳಿವೆ. ಥ್ಯಾಕರೆಯ ಕಲ್ಲಿನ ಸ್ಮಾರಕ ಧಾರವಾಡದಲ್ಲಿದೆ. ಸೆರೆಯಲ್ಲಿದ್ದುಕೊಂಡೇ 1829ರಲ್ಲಿ ಕಣ್ಣುಮುಚ್ಚಿದ ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. 1831ರಲ್ಲಿ ಗಲ್ಲಿಗೇರಿದ ರಾಯಣ್ಣನ ಸಮಾಧಿ ನಂದಗಡದಲ್ಲಿದೆ, ಅಲ್ಲಿ ಆಲದ ಮರ ಬೆಳೆದು ನಿಂತಿದೆ. ಆಳುವವರು ತಮ್ಮವನಿಗೆ ಕಲ್ಲು ನಿಲ್ಲಿಸಿದರು. ನಮ್ಮ ಜನ ತಮ್ಮವನಿಗೆ ಮರ ಬೆಳೆಸಿದರು, ಲಾವಣಿ ಕಟ್ಟಿದರು, ಗೀಗೀ ಪದ ಹಾಡಿದರು. ಕಲ್ಲಿನ ಮುಂದೆ ಇಂದು ನಿಲ್ಲುವವರು ಕಡಿಮೆ. ಮರದ ಕೆಳಗೆ ಜನ ತಪ್ಪಿಲ್ಲ. ಹೆಸರು ಉಳಿಯುವುದು ಕಲ್ಲಿನ ಗಟ್ಟಿತನದಿಂದಲ್ಲ, ನೆನೆಯುವವರಿಂದ.

ಕಿತ್ತೂರಿನ ಕಾಳಗದಲ್ಲಿ ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಆಗ ಅವನ ವಯಸ್ಸು 21. ಕಿತ್ತೂರಿನವರು ಅವನನ್ನು ಜೀವಸಹಿತ ಬಿಟ್ಟುಕೊಟ್ಟರು. ಅದೇ ಎಲಿಯಟ್ ಮುಂದೆ ಈ ಭಾಗದ ಶಾಸನಗಳ ಬೆನ್ನು ಹತ್ತಿ, ಇಲ್ಲಿಯವರ ನೆರವಿನಿಂದ 595 ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರು, ಕದಂಬರು ಮೊದಲಾದ ನಮ್ಮ ಅರಸುಮನೆತನಗಳ ಇತಿಹಾಸ ಬರೆದ ಫ್ಲೀಟ್ ಅವರಿಗೆ ಆ ಸಂಗ್ರಹ ಬಹಳ ಉಪಯೋಗಕ್ಕೆ ಬಂತು. ನಮ್ಮ ಗುಡಿಯ ಮುಂದೆ ಬಟ್ಟೆ ಒಗೆಯಲು ಬಳಸುತ್ತಿದ್ದ ಕಲ್ಲಿನ ಮೇಲೆ ಬರೆಹ ಇದೆ ಎಂದು ಹೊರಗಿನವನೊಬ್ಬ ಬಂದು ನೋಡಿದ. ನೋಡಬಾರದು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಮೂರನೆಯದು ಮನೆ. ಕಿತ್ತೂರಿನ ಅರಮನೆ ಈಗ ಬಿದ್ದ ಗೋಡೆಗಳ ಅರಮನೆ. ಆದರೂ ಒಳಗೆ ಕಾಲಿಟ್ಟರೆ ಪಡಸಾಲೆ ಎಷ್ಟಿತ್ತು, ಸ್ನಾನದ ಮನೆಗೆ ನೀರು ಹೇಗೆ ಬರುತ್ತಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಧ್ರುವನಕ್ಷತ್ರ ನೋಡಲು ಇಟ್ಟ ಕಿಂಡಿಯನ್ನು ಅಲ್ಲಿ ಇಂದಿಗೂ ತೋರಿಸುತ್ತಾರೆ. ಕಲೆಕ್ಟರನ ಪತ್ರದಲ್ಲಿ ಕಿತ್ತೂರು ಬರೀ ಕಂದಾಯದ ಸಂಸ್ಥಾನ. ಅರಮನೆಯಲ್ಲಿ ನಿಂತರೆ ಅದು ಜನ ಉಂಡು, ಮಿಂದು, ಆಕಾಶ ನೋಡಿದ ಮನೆ. ಇದನ್ನು ಕಾಗದ ಹೇಳಲಾರದು.

ಈಗ ನಮ್ಮೂರಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಊರಿನ ಒಬ್ಬ ಹಿರಿಯ ತಾಯಿ ನನ್ನನ್ನು ಕರೆಸಿ ಟ್ರಂಕಿನಿಂದ ಬಟ್ಟೆಯ ಗಂಟೊಂದನ್ನು ತೆಗೆದರು. “ಇದನ್ನ ಓದಾವ್ರು ಯಾರೂ ಉಳದಿಲ್ರಿ ಸರ್. ಒಲಿಗೆ ಹಾಕ್ಲೋ, ರದ್ದಿಗೆ ಕೊಡ್ಲೋ?” ಎಂದು ಕೇಳಿದರು. ನೋಡಿದರೆ ಮೋಡಿ ಲಿಪಿಯ ಕಾಗದಗಳು. ನಮ್ಮ ಭಾಗದಲ್ಲಿ ಬಹಳ ಕಾಲ ಲೆಕ್ಕಪತ್ರ ನಡೆದದ್ದು ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ. ಬಲ್ಲವರೊಬ್ಬರಿಂದ ಓದಿಸಿದೆವು. ಯಾವ ರಾಜನ ಹೆಸರೂ ಅದರಲ್ಲಿ ಇರಲಿಲ್ಲ. ಕೆರೆಯ ಹೂಳು ತೆಗೆದವರಿಗೆ ಅಳೆದುಕೊಟ್ಟ ಜೋಳದ ಲೆಕ್ಕವಿತ್ತು. ಯಾರಿಗೆ ಎಷ್ಟು ಸೇರು ಎಂದು ಹೆಸರು ಹಿಡಿದು ಬರೆದಿತ್ತು. ಆ ಹೆಸರಿನವರ ಮೊಮ್ಮಕ್ಕಳ ಮಕ್ಕಳು ಇಂದು ಇದೇ ಸಭೆಯಲ್ಲಿ ಕುಳಿತಿದ್ದಾರೆ. ಅವರ ಹಿರಿಯರಿಗೆ ಗೋರಿಯ ಕಲ್ಲಿಲ್ಲ, ವಾಡೆ ಇಲ್ಲ. ಈ ಕೆರೆಯನ್ನು ಅವರು ಉಳಿಸಿದರು ಎಂಬುದಕ್ಕೆ ಆ ಒಂದೇ ಕಾಗದ ಸಾಕ್ಷಿ. ಅದು ಒಲೆಗೆ ಹೋಗಿದ್ದರೆ?

ಹನುಮಪ್ಪನ ಗುಡಿಯ ಹಿಂದಿನ ಹಳೆಯ ವಾಡೆ ಈ ಬೇಸಿಗೆಗೆ ಕೆಡವಲಾಗುತ್ತದೆ ಎಂಬುದು ತಮಗೆಲ್ಲ ಗೊತ್ತು. ಕೆಡವಬೇಡಿರಿ ಎಂದು ಹೇಳಲು ನಾನು ಬಂದಿಲ್ಲ. ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕೆಳಗೆ ಮಲಗುವವರ ಕಷ್ಟ ಮಲಗಿದವರಿಗೇ ಗೊತ್ತು. ಆದರೆ ಮನೆಯವರಲ್ಲಿ ಕೈಮುಗಿದು ಕೇಳುತ್ತೇನೆ: ಜೆಸಿಬಿ ಬರುವ ಮೊದಲು ನಮ್ಮ ಮಕ್ಕಳಿಗೆ ಎರಡು ದಿನ ಬಾಗಿಲು ತೆರೆದುಕೊಡಿರಿ. ಪಡಸಾಲೆ, ಕಂಬ, ತೊಲೆ, ಹಗೇವು ಎಲ್ಲವನ್ನೂ ಅಳೆದು ನಕ್ಷೆ ತೆಗೆಯಲಿ, ಫೋಟೊ ತೆಗೆಯಲಿ. ಚೌಕಟ್ಟಿನ ಮೇಲೆ ಅಕ್ಷರ ಇದ್ದರೆ ಬರೆದುಕೊಳ್ಳಲಿ. ಅಟ್ಟದ ಮೇಲಿನ ಗಂಟುಗಳನ್ನು ರದ್ದಿಯವನಿಗೆ ಕೊಡುವ ಮೊದಲು ಒಮ್ಮೆ ತೋರಿಸಿರಿ. ಕಾಗದ ನಿಮ್ಮದೇ ಆಗಿ ಉಳಿಯಲಿ, ಅದರ ಫೋಟೊ ಮಾತ್ರ ಊರಿಗೆ ಸಾಕು.

ಹಾಗೆಯೇ ರುದ್ರಭೂಮಿಯ ಗದ್ದಿಗೆಗಳು, ದರ್ಗಾದ ಬಳಿಯ ಗೋರಿಗಳು, ಹೊಲದ ಬದುವಿನಲ್ಲಿ ಬಿದ್ದ ವೀರಗಲ್ಲುಗಳು. ಚರಂಡಿಯ ಮೇಲೆ ಹಾಸುಗಲ್ಲು ಬೇಕಾದಾಗ ನಮ್ಮ ಕೈ ಮೊದಲು ಹೋಗುವುದು ಇವುಗಳ ಕಡೆಗೆ. ಒಂಬತ್ತನೆಯ ತರಗತಿಯ ಮಕ್ಕಳು ವರ್ಷಕ್ಕೊಮ್ಮೆ ಇವುಗಳ ಪಟ್ಟಿ ಮಾಡಲಿ. ಕಲ್ಲು ಎಲ್ಲಿದೆ, ಯಾವ ದಿಕ್ಕಿಗೆ ಮುಖ, ಊರವರು ಅದರ ಬಗ್ಗೆ ಏನು ಹೇಳುತ್ತಾರೆ, ಇಷ್ಟೇ ಸಾಕು. ಕಲ್ಲಿಗೆ ಸುಣ್ಣ ಬಳಿಯಬೇಡಿರಿ, ಅಕ್ಷರವನ್ನು ಮೊಳೆಯಿಂದ ಕೆರೆಯಬೇಡಿರಿ. ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ.

ಕೊನೆಯದಾಗಿ, ಈ ಸಾಲಿಯೂ ಈಗ ಒಂದು ದಫ್ತರ. ಕಚೇರಿಯ ಕಪಾಟಿನಲ್ಲಿ ಐವತ್ತು ವರ್ಷದ ದಾಖಲಾತಿ ರಿಜಿಸ್ಟರ್ ಇದೆ. ಯಾವ ಕೇರಿಯಿಂದ ಮೊದಲ ಹುಡುಗಿ ಹೈಸ್ಕೂಲಿಗೆ ಬಂದಳು, ಬರ ಬಿದ್ದ ವರ್ಷ ಎಷ್ಟು ಮಕ್ಕಳು ನಡುವೆ ಸಾಲಿ ಬಿಟ್ಟರು ಎಂಬುದು ಅದರಲ್ಲಿದೆ. ಅದರ ಅಂಚುಗಳಿಗೆ ಗೆದ್ದಲು ಹತ್ತಿದ್ದನ್ನು ಇಂದು ಬೆಳಿಗ್ಗೆ ನೋಡಿದೆ. ಮಹೋತ್ಸವದ ಖರ್ಚು ಕಳೆದು ಉಳಿಯುವ ಹಣದಲ್ಲಿ ಮೊದಲು ಒಂದು ಕಬ್ಬಿಣದ ಕಪಾಟು ಕೊಳ್ಳೋಣ. ಅದಕ್ಕೆ ನನ್ನ ಒಂದು ತಿಂಗಳ ಪಿಂಚಣಿಯನ್ನು ಇಗೋ ಗುರುಗಳ ಕೈಗೆ ಒಪ್ಪಿಸುತ್ತಿದ್ದೇನೆ. ತಾವೂ ಕೈ ಜೋಡಿಸಿರಿ.